ಅನುದಾನ ಯಾರ ಹೆಸರಿಗೆ?

ಈಚಿನ ಕೆಲವು ವರ್ಷಗಳಿಂದ ನಮ್ಮ ಮುಂಬಯಿ ಶಹರದಲ್ಲಿ ಒಂದು ಹೊಸ ಮಾತು ಕೇಳಿಬರುತ್ತಿದೆ: ‘ಸುಸ್ಥಿರ ಫ್ಯಾಶನ್’. ಭೂಮಿಗೆ ಭಾರವಾಗದ ಉಡುಪು, ಬಹುಕಾಲ ಬಾಳುವ ಬಟ್ಟೆ, ಹಳತಾದರೂ ಕಸದ ಗುಡ್ಡೆಗೆ ಹೋಗದೆ ಇನ್ನೊಂದು ರೂಪ ತಾಳುವ ವಸ್ತ್ರ ಎಂಬುದು ಈ ಮಾತಿನ ತಾತ್ಪರ್ಯ. ಇಂಥ ಉಡುಪನ್ನು ಯೋಜಿಸುವ ತರುಣ ವಿನ್ಯಾಸಕಾರರಿಗೆ, ಎಂದರೆ ಡಿಸೈನರುಗಳಿಗೆ, ಬಹುಮಾನಗಳೂ ಅನುದಾನಗಳೂ ದೊರೆಯುತ್ತಿವೆ. ಹೋಟೆಲಿನಲ್ಲಿ ದುಡಿಯುವವನಿಗೂ ಗಿರಣಿಯಲ್ಲಿ ದುಡಿದು ಮನೆಯಲ್ಲಿ ಕುಳಿತವನಿಗೂ ಇದರಿಂದ ಆಗಬೇಕಾದುದೇನು ಎಂದು ಓದುಗರು ಕೇಳಬಹುದು. ಆಗಬೇಕಾದುದು ಬಹಳ ಇದೆ ಎಂಬುದೇ ನಮ್ಮ ಅಭಿಪ್ರಾಯ. ಅದನ್ನು ವಿವರಿಸಲೆಂದೇ ಈ ಲೇಖನ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಈ ಅನುದಾನಗಳಿಗೆ ನಮ್ಮ ವಿರೋಧವಿಲ್ಲ. ಒಂದು ಹತ್ತಿಯ ಟೀ-ಶರ್ಟು ತಯಾರಾಗಲು ಸುಮಾರು 2,700 ಲೀಟರ್ ನೀರು ಬೇಕೆಂದು ಬಲ್ಲವರು ಲೆಕ್ಕ ಹಾಕಿದ್ದಾರೆ. ಉಲ್ಲಾಸನಗರದಲ್ಲಿ ಜೀನ್ಸ್ ತೊಳೆಯುವ ಕಾರಖಾನೆಗಳ ಬಣ್ಣದ ನೀರು ವಾಲಧುನಿ ನದಿಯನ್ನು ಕೆಡಿಸಿದ ಸಂಗತಿಯನ್ನು ಕಲ್ಯಾಣದ ಕಡೆಯ ನಮ್ಮ ಬಂಧುಗಳು ಕಣ್ಣಾರೆ ಕಂಡವರೇ. ಕೆಟ್ಟ ಗಾಳಿ, ಕೆಟ್ಟ ನೀರು ಮೊದಲು ಮುಟ್ಟುವುದು ಮಲಬಾರ್ ಹಿಲ್ಲಿನ ಬಂಗಲೆಗಳನ್ನಲ್ಲ, ನಾಲೆಯ ಬದಿಯ ಚಾಳುಗಳನ್ನು. ಆದುದರಿಂದ ಕಡಿಮೆ ನೀರು, ಕಡಿಮೆ ವಿಷ, ಕಡಿಮೆ ಕಸದಿಂದ ಬಟ್ಟೆ ಮಾಡಬೇಕೆನ್ನುವವರ ಪ್ರಯತ್ನ ಸ್ತುತ್ಯರ್ಹವಾದುದು.

ಈ ವಿದ್ಯೆ ನಮಗೇನೂ ಹೊಸತಲ್ಲ. ವಿಜಾಪುರ, ಬಾಗಲಕೋಟೆ, ಕಲಬುರ್ಗಿ ಕಡೆಯಿಂದ ಬಂದವರ ಮನೆಯಲ್ಲಿ ಅವ್ವನ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಇಂದಿಗೂ ಸಿಕ್ಕೀತು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರು ಚಿಂದಿ ಕೂಡಿಸಿ ಹೊಲಿದ ಕೌದಿಗಳು ಪರದೇಶದ ಪ್ರದರ್ಶನಗಳಲ್ಲಿಯೂ ತೂಗಿವೆ. ನಮ್ಮ ಚಾಳುಗಳಲ್ಲಿ ಹಳೆಯ ಬಟ್ಟೆ ಪಡೆದು ಸ್ಟೀಲಿನ ಪಾತ್ರೆ ಕೊಡುವ ಭಾಂಡೀವಾಲಿಯ ಕೂಗನ್ನು ಕೇಳದವರಾರು? ಅವಳು ತಲೆಯ ಮೇಲೆ ಹೊತ್ತೊಯ್ದ ಗಂಟಿನಲ್ಲಿದ್ದ ಸೀರೆಯೇ ಇಂದು ಚೀಲವಾಗಿ, ಕುಪ್ಪಸವಾಗಿ, ದೊಡ್ಡ ಅಂಗಡಿಯ ಗಾಜಿನ ಹಿಂದೆ ಕುಳಿತಿದೆ. ಬಡತನದಲ್ಲಿ ನಾವು ಮಾಡಿದ್ದಕ್ಕೆ ಹೆಸರಿರಲಿಲ್ಲ; ಈಗ ಅದಕ್ಕೊಂದು ಹೆಸರು ಬಂದಿದೆ, ಹೆಸರಿನ ಹಿಂದೆ ಹಣವೂ ಬಂದಿದೆ.

ಆ ಹಣದ ದಾರಿಯನ್ನು ನೋಡೋಣ. ಲ್ಯಾಕ್ಮೆ ಫ್ಯಾಶನ್ ವೀಕ್ ನಡೆಸುವವರು, ರಿಲಯನ್ಸಿನ ಆರ್‌-ಎಲಾನ್ ಬಟ್ಟೆಯ ವಿಭಾಗ ಮತ್ತು ಭಾರತದಲ್ಲಿನ ವಿಶ್ವಸಂಸ್ಥೆಯ ಕಚೇರಿ ಸೇರಿ, ಹಳೆಯ ವಸ್ತುವಿನಿಂದ ಹೊಸ ಉಡುಪು ಮಾಡುವವರಿಗಾಗಿ ‘ಸರ್ಕ್ಯುಲರ್ ಡಿಸೈನ್ ಚಾಲೆಂಜ್’ ಎಂಬ ಸ್ಪರ್ಧೆಯನ್ನು ಏರ್ಪಡಿಸಿದರು. 2019ರಲ್ಲಿ ಅದರ ಮೊದಲ ಬಹುಮಾನ ಪಡೆದದ್ದು ಮುಂಬಯಿಯದೇ ಸಂಸ್ಥೆಯಾದ ‘ಐ ವಾಸ್ ಎ ಸಾರಿ’, ‘ನಾನೊಂದು ಸೀರೆಯಾಗಿದ್ದೆ’ ಎಂದು ಅದರ ಅರ್ಥ. ಸ್ಟೆಫಾನೊ ಫುನಾರಿ ಎಂಬ ಇಟಲಿಯ ಗೃಹಸ್ಥರು 2013ರಲ್ಲಿ ಆರಂಭಿಸಿದ ಈ ಸಂಸ್ಥೆಯಲ್ಲಿ ಶಹರದ ಬಡ ಕುಟುಂಬಗಳ ಹೆಂಗಸರು ಹಳೆಯ ಸೀರೆಗಳಿಂದ ಹೊಸ ವಸ್ತುಗಳನ್ನು ತಯಾರಿಸುತ್ತಾರೆ. ಹೊಲಿಯುವ ಹೆಂಗಸರನ್ನು ಹಿಂದಕ್ಕೆ ತಳ್ಳದೆ ಮುಂದಿಟ್ಟುಕೊಂಡ ಸಂಸ್ಥೆಗೆ ಮೊದಲ ಬಹುಮಾನ ಸಂದದ್ದು ಸಂತೋಷದ ಸಂಗತಿ.

ಸರಕಾರವೂ ಹಿಂದೆ ಬಿದ್ದಿಲ್ಲ. ಮಹಾರಾಷ್ಟ್ರ ಸರಕಾರ 2023ರಲ್ಲಿ ಒಪ್ಪಿದ ಐದು ವರ್ಷದ ವಸ್ತ್ರೋದ್ಯಮ ನೀತಿಗೆ ‘ಸಮಗ್ರ ಮತ್ತು ಸುಸ್ಥಿರ’ ಎಂದೇ ಹೆಸರಿಟ್ಟಿದೆ. 25,000 ಕೋಟಿ ರೂಪಾಯಿಗಳ ಬಂಡವಾಳ, 5 ಲಕ್ಷ ಉದ್ಯೋಗ ಅದರ ಗುರಿ. ಪೈಠಣಿ, ಹಿಮರೂ, ಖಣ, ಘೋಂಗಡಿ ಮೊದಲಾದ ಪಾರಂಪರಿಕ ಬಟ್ಟೆ ನೇಯುವವರಿಗೆ ಗಣೇಶೋತ್ಸವದ ಸಮಯದಲ್ಲಿ ಉತ್ಸವ ಭತ್ತೆ ಕೊಡುವ ಯೋಜನೆಯೂ ಅದರೊಳಗಿದೆ: ಗಂಡಸಿಗೆ 10,000 ರೂಪಾಯಿ, ಹೆಂಗಸಿಗೆ 15,000. ಖಣವೆಂದ ಕೂಡಲೆ ನಮ್ಮ ಗುಳೇದಗುಡ್ಡ ನೆನಪಿಗೆ ಬಾರದ ಕನ್ನಡಿಗನುಂಟೆ? ಕರ್ನಾಟಕ ಸರಕಾರವೂ 2020ರಲ್ಲಿ ‘ನೇಕಾರ ಸಮ್ಮಾನ’ ಯೋಜನೆಯಿಂದ ಕೈಮಗ್ಗದ ನೇಕಾರನಿಗೆ ವರ್ಷಕ್ಕೆ 2,000 ರೂಪಾಯಿ ಕೊಡತೊಡಗಿ, ಮುಂದೆ ಅದನ್ನು 5,000ಕ್ಕೆ ಏರಿಸಿತು.

ಈಗ ನಮ್ಮ ಪ್ರಶ್ನೆ. ಅನುದಾನ ಯಾರ ಹೆಸರಿಗೆ ಬರುತ್ತದೆ? ನಕ್ಷೆ ಬರೆದವನ ಹೆಸರಿಗೋ, ನೇಯ್ದವನ, ಹೊಲಿದವಳ ಹೆಸರಿಗೋ? ಉತ್ಸವ ಭತ್ತೆಯೂ ನೇಕಾರ ಸಮ್ಮಾನವೂ ದುಡಿಯುವ ಕೈಗೆ ನೇರವಾಗಿ ಸಲ್ಲುತ್ತವೆ. ಆದರೆ ಮೊತ್ತ ಸಣ್ಣದು. ಡಿಸೈನರರ ಬಹುಮಾನದ ಮೊತ್ತ ಲಕ್ಷಗಳಲ್ಲಿ. ಅದು ಕೈಯವರೆಗೆ ಇಳಿಯುವುದು, ಇಳಿಯದಿರುವುದು ಡಿಸೈನರರ ಮನಸ್ಸಿಗೆ ಬಿಟ್ಟದ್ದು. ಒಳ್ಳೆಯ ಮನಸ್ಸಿನವರು ಇಳಿಸುತ್ತಾರೆ. ಆದರೆ ಕೂಲಿಕಾರನ ಅನ್ನ ಇನ್ನೊಬ್ಬರ ಒಳ್ಳೆಯ ಮನಸ್ಸಿನ ಮೇಲೆ ನಿಲ್ಲಬಾರದೆಂಬುದೇ ಕಾರ್ಮಿಕ ಸಂಘಗಳು ಹುಟ್ಟಿದ ಕಾರಣವಲ್ಲವೆ?

ಈ ಮಾತನ್ನು ನಾವು ಸುಮ್ಮನೆ ಹೇಳುತ್ತಿಲ್ಲ, ಗಿರಣಗಾಂವಿನ ಅನುಭವದಿಂದ ಹೇಳುತ್ತಿದ್ದೇವೆ. ಕಾವಸಜಿ ದಾವರ್ ಅವರು 1854ರಲ್ಲಿ ಸ್ಥಾಪಿಸಿದ ತಾಡದೇವದ ಗಿರಣಿಯಿಂದ ಮೊದಲಾಗಿ ಈ ಶಹರವನ್ನು ಕಟ್ಟಿದ್ದು ಬಟ್ಟೆ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾಮಗಾರರು ಮುಷ್ಕರ ಹೂಡಿದರು. ಆ ಮುಷ್ಕರ ಮುಗಿಯಿತೆಂದು ಯಾರೂ ಸಾರಲಿಲ್ಲ. ಗಿರಣಿಗಳು ಮಾತ್ರ ಒಂದೊಂದಾಗಿ ಮುಗಿದವು. ರಾಷ್ಟ್ರೀಯ ವಸ್ತ್ರ ನಿಗಮದ ಕೈಯಲ್ಲಿ ಉಳಿದಿದ್ದ ಕೆಲವು ಗಿರಣಿಗಳ ಯಂತ್ರಗಳೂ 2020ರ ಮಾರ್ಚಿನಲ್ಲಿ ನಿಂತವು.

ಗಿರಣಿ ಹೋದರೂ ನೆಲ ಉಳಿದಿತ್ತು. ಆ ನೆಲದಲ್ಲಿ ಒಂದು ಪಾಲು ಶಹರದ ಬಯಲಿಗೆ, ಒಂದು ಪಾಲು ಜನರ ವಸತಿಗೆ, ಉಳಿದ ಪಾಲು ಮಾಲಿಕರಿಗೆ ಎಂದು 1991ರ ನಿಯಮ ಹೇಳಿತ್ತು. 2001ರಲ್ಲಿ ನಿಯಮದ ಮಾತು ಬದಲಾಯಿತು: ಹಂಚಿಕೆ ಇಡೀ ನೆಲಕ್ಕಲ್ಲ, ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಎಂದಾಯಿತು. 2006ರಲ್ಲಿ ಸುಪ್ರೀಮ್ ಕೋರ್ಟು ಅದನ್ನೇ ಎತ್ತಿಹಿಡಿಯಿತು. ನಿಯಮದೊಳಗಿನ ಕೆಲವೇ ಶಬ್ದಗಳು ಬದಲಾದುದರಿಂದ ಎಷ್ಟೋ ಎಕರೆ ನೆಲ ಕೈತಪ್ಪಿತು. ಮನೆಗಾಗಿ ಅರ್ಜಿ ಹಾಕಿದ ಗಿರಣಿ ಕಾಮಗಾರರು ಮತ್ತು ಅವರ ವಾರಸುದಾರರು ಸುಮಾರು ಒಂದು ಲಕ್ಷ ಎಪ್ಪತ್ತೈದು ಸಾವಿರ. ಚೀಟಿ ಎತ್ತುವ ದಿನಕ್ಕೆ ಕಾದು ಕಾದು ಕಣ್ಣು ಮುಚ್ಚಿದವರು ಅವರಲ್ಲಿ ಹಲವರು. ಶರತ್ತು ಬರೆಯುವಾಗ ನಾವು ಅಲ್ಲಿರಬೇಕು. ಬರೆದಾದ ಮೇಲೆ ಎದೆ ಬಡಿದುಕೊಂಡು ಫಲವಿಲ್ಲ. ಗಿರಣಿಯ ನೆಲ ನಮಗೆ ಕಲಿಸಿದ ಪಾಠ ಇದು.

ವಿಧಿಯ ವಿನೋದವೆಂದರೆ, ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ಆವರಣದಲ್ಲಿ ಎದ್ದ ಹೋಟೆಲಿನಲ್ಲಿಯೇ ಕೆಲವು ವರ್ಷ ಫ್ಯಾಶನ್ ವೀಕ್ ನಡೆಯಿತು. ಕಾಮಗಾರರು ಬಟ್ಟೆ ಮಾಡಿದ ನೆಲದ ಮೇಲೆ ರೂಪದರ್ಶಿಯರು ಬಟ್ಟೆ ತೊಟ್ಟು ನಡೆದರು. ಅದರಲ್ಲಿ ತಪ್ಪೇನಿಲ್ಲ. ಅಂದು ಇಲ್ಲಿ ದುಡಿದವನ ಹೆಸರನ್ನು ಆ ಥಾನಿನ ಮೇಲೆ ಯಾರೂ ಬರೆದಿರಲಿಲ್ಲ, ಇಂದೂ ಬರೆದಿಲ್ಲ ಎಂಬುದಷ್ಟೇ ನಮ್ಮ ಕೊರಗು.

ಹಾಗಾದರೆ ಇಂದು ಬಟ್ಟೆಯ ಕೆಲಸ ಎಲ್ಲಿ ನಡೆಯುತ್ತಿದೆ? ಧಾರಾವಿಯ ಮಾಳಿಗೆಗಳಲ್ಲಿ, ಭಾಂಡುಪಿನ ಚಾಳುಗಳಲ್ಲಿ, ಡೊಂಬಿವಲಿಯ ಒಂದು ಕೋಣೆಯ ಮನೆಗಳಲ್ಲಿ. ನಮ್ಮ ಓದುಗರಲ್ಲಿಯೇ ಎಷ್ಟೋ ಮಂದಿಯ ಮನೆಯಾಕೆ, ಮಗಳು, ಸೊಸೆ, ಅಡಿಗೆ ಮುಗಿಸಿ ಹೊಲಿಗೆ ಯಂತ್ರದ ಮುಂದೆ ಕೂಡುತ್ತಾರೆ. ಕಂತ್ರಾಟುದಾರ ಗಂಟು ತಂದಿಡುತ್ತಾನೆ. ಕಾಜ, ಗುಂಡಿ, ಫಾಲು, ಪಿಕೋ, ಮಣಿಯ ಕೆಲಸ ಎಲ್ಲಕ್ಕೂ ಪೀಸಿನ ಲೆಕ್ಕ. ನೂಲು ತಮ್ಮದು, ಕರೆಂಟು ತಮ್ಮದು, ಬೆನ್ನುನೋವೂ ತಮ್ಮದು. ಹಾಜರಿ ಪುಸ್ತಕವಿಲ್ಲ, ಪ್ರಾವಿಡೆಂಟ್ ಫಂಡಿಲ್ಲ, ರಜೆಯ ಮಾತೇ ಇಲ್ಲ. ಹೀಗೆ ಮನೆಯಲ್ಲಿ ಕುಳಿತು ದುಡಿಯುವವರಿಗೂ ಕಾರಖಾನೆಯವರಿಗೆ ಸಮನಾದ ರಕ್ಷಣೆ ಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿಯೇ ಒಡಂಬಡಿಕೆ ಮಾಡಿತು. ಭಾರತ ಅದನ್ನು ಅನುಮೋದಿಸಿಲ್ಲ.

ಮಗ್ಗದವರ ಸ್ಥಿತಿಯೂ ಮೇಲಲ್ಲ. 2019–20ರ ಕೈಮಗ್ಗದ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೆ ಮೇಲ್ಪಟ್ಟು ಜನ ಈ ಕಸುಬಿನಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ಮೂರರಲ್ಲಿ ಸುಮಾರು ಎರಡು ಪಾಲು ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಬಟ್ಟೆ ಬಾಳುವಂಥದು, ನಿಜ. ಆದರೆ ನೇಯ್ದವನ ಮನೆ ಬಾಳದಿದ್ದರೆ ಅದನ್ನು ಸುಸ್ಥಿರವೆಂದು ಕರೆಯುವುದು ಹೇಗೆ? ಮಣ್ಣಿಗೆ, ನೀರಿಗೆ ತೋರುವ ದಯೆ ಮನುಷ್ಯನಿಗೂ ಸಲ್ಲಬೇಡವೆ?

ಹೆಸರಿಲ್ಲದ ಕೈಗಳಿಗೆ ಏನಾಗುತ್ತದೆಂಬುದನ್ನು ಜಗತ್ತು ಒಮ್ಮೆ ನೋಡಿದೆ. 2013ರ ಏಪ್ರಿಲ್ 24ರಂದು ಢಾಕಾದ ಬಳಿ ರಾಣಾ ಪ್ಲಾಜಾ ಎಂಬ ಎಂಟು ಮಹಡಿಯ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಸಿದ್ಧ ಉಡುಪು ಹೊಲಿಯುವ ಹೆಣ್ಣುಮಕ್ಕಳು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿದ್ದರೂ ಅವರನ್ನು ಕೆಲಸಕ್ಕೆ ಹತ್ತಿಸಲಾಗಿತ್ತು. ಅವಶೇಷಗಳಡಿಯಲ್ಲಿ ದೊಡ್ಡ ದೊಡ್ಡ ಕಂಪನಿಗಳ ಹೆಸರಿನ ಪಟ್ಟಿಗಳು ಸಿಕ್ಕಿದವು. ಆ ಬಳಿಕವೇ ಹಲವು ಕಂಪನಿಗಳು ಕಾರ್ಮಿಕ ಸಂಘಗಳ ಜೊತೆ, ಕೋರ್ಟಿನಲ್ಲಿ ನಿಲ್ಲುವಂಥ ಕರಾರು ಬರೆದುಕೊಟ್ಟವು. ಅಂಗಿಯ ಕೊರಳಿನ ಪಟ್ಟಿಯಲ್ಲಿ ಕಂಪನಿಯ ಹೆಸರಿದ್ದಂತೆ ಕಂಪನಿಯ ಕರಾರಿನಲ್ಲಿ ಕೂಲಿಕಾರಳ ಹಕ್ಕೂ ಇರಬೇಕೆಂಬ ಮಾತು ಅಷ್ಟು ಜೀವಗಳನ್ನು ತೆತ್ತ ಮೇಲೆ ಒಪ್ಪಿಗೆಯಾಯಿತು.

ಬೇರೆ ದಾರಿ ಇಲ್ಲವೆ? ಇದೆ, ಅದೂ ನಮ್ಮ ನಾಡಿನಲ್ಲಿಯೇ. ನಮ್ಮ ಹೋಟೆಲು ಬಂಧುಗಳಲ್ಲಿ ಅನೇಕರ ಊರಾದ ಕಿನ್ನಿಗೋಳಿ-ಮುಲ್ಕಿ ಸೀಮೆಯನ್ನೇ ನೋಡಿ. ಉಡುಪಿಯ ಕೈಮಗ್ಗದ ಸೀರೆ ಕಣ್ಮರೆಯಾಗುವ ಹಂತಕ್ಕೆ ಬಂದು, ಮುದುಕರಾದ ಕೆಲವೇ ನೇಕಾರರು ಉಳಿದಿದ್ದರು. ತಾಳಿಪಾಡಿಯ ನೇಕಾರರ ಸಹಕಾರಿ ಸಂಘದೊಡನೆ ಸೇರಿ ಕದಿಕೆ ಟ್ರಸ್ಟಿನವರು ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಹೊಸಬರಿಗೆ, ವಿಶೇಷವಾಗಿ ಹೆಂಗಸರಿಗೆ, ಮಗ್ಗದ ಶಿಕ್ಷಣ ಕೊಡಿಸಿದರು. ಅಡಿಕೆಯ ಚೊಗರಿನಂಥ ನೈಸರ್ಗಿಕ ಬಣ್ಣ ಬಳಸಿದರು. ಎಲ್ಲಕ್ಕಿಂತ ಹೆಚ್ಚಾಗಿ, ಸೀರೆಯ ಪಟ್ಟಿಯ ಮೇಲೆ ಅದನ್ನು ನೇಯ್ದವರ ಹೆಸರನ್ನೂ ಭಾವಚಿತ್ರವನ್ನೂ ಹಾಕಿದರು. ಕೊಂಡವಳಿಗೆ ನೇಯ್ದವರಾರೆಂದು ತಿಳಿಯಿತು. ನೇಯ್ದವರಿಗೆ ತಮ್ಮ ಕೆಲಸಕ್ಕೂ ಒಂದು ಮಾನವುಂಟೆಂದು ತಿಳಿಯಿತು.

ಸಾಗರ ತಾಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ, ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ಬೆಳೆದ ‘ಚರಕ’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ನೇಯುವ, ಬಣ್ಣ ಹಾಕುವ, ಹೊಲಿಯುವ ಹೆಂಗಸರೇ ಸಹಕಾರಿ ಸಂಘದ ಸದಸ್ಯರು. ಅಲ್ಲಿನ ಜುಬ್ಬ ‘ದೇಸಿ’ ಅಂಗಡಿಗಳಿಂದ ನಾಡಿಗೆಲ್ಲ ಹರಡಿತು. ಆದರೆ ಇದೇ ಚರಕ 2020ರಲ್ಲಿ ತಾನು ಸಂಕಷ್ಟಕ್ಕೆ ಸಿಕ್ಕಿದುದನ್ನು ಬಹಿರಂಗವಾಗಿ ಸಾರಬೇಕಾಯಿತು. ಒಪ್ಪಿಗೆಯಾದ ಸರಕಾರಿ ನೆರವು ಸಕಾಲಕ್ಕೆ ಕೈಗೆ ಬಾರದೆ ಹೋದದ್ದು ಅದರ ಒಂದು ದೂರು. ಕಾಗದದ ಮೇಲೆ ಮಂಜೂರಾದ ಹಣ ಮಗ್ಗಕ್ಕೆ ಹೊಕ್ಕಿನ ನೂಲಾಗಲಾರದು.

ಹೆಸರಿನ ವಿಚಾರದಲ್ಲಿ ಇನ್ನೊಬ್ಬರನ್ನು ನೆನೆಯಬೇಕು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿ, 1930ರಲ್ಲಿ ಇದೇ ಮುಂಬಯಿಯ ಬೀದಿಗಳಲ್ಲಿ ಉಪ್ಪು ಮಾರಿ ಜೈಲಿಗೆ ಹೋದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ನಡೆಸಿದರು. ಕುಶಲಕರ್ಮಿಗಳಿಗೆ ಅವರವರ ಹೆಸರಿನಲ್ಲಿಯೇ ರಾಷ್ಟ್ರಪ್ರಶಸ್ತಿ ಸಲ್ಲುವ ಪದ್ಧತಿ 1965ರಲ್ಲಿ ಬಂದಿತು. ಆ ಮಂಡಳಿಯೂ ಕೈಮಗ್ಗದ ಮಂಡಳಿಯೂ 2020ರಲ್ಲಿ ರದ್ದಾದವು. ಮಂಡಳಿ ರದ್ದಾದರೂ ಆ ಪದ್ಧತಿಯ ಹಿಂದಿನ ನೀತಿ ರದ್ದಾಗಬಾರದು: ಮಾಡಿದವರ ಹೆಸರಿಗೇ ಮನ್ನಣೆ.

ಡಿಸೈನರರ ಪಕ್ಷದ ಮಾತೂ ಇದೆ. ಅದನ್ನು ಕೇಳದಿರುವುದು ನ್ಯಾಯವಲ್ಲ. ಅವರಲ್ಲಿ ಬಹಳ ಮಂದಿ ಸಾಲ ಮಾಡಿ ಹೊರಟ ತರುಣ ತರುಣಿಯರು. ಮಾಲು ಹೋಗದಿದ್ದರೆ ನಷ್ಟ ಅವರದೇ. ಅವರಿಗೆ ಕಟ್ಟಳೆ ಮೇಲೆ ಕಟ್ಟಳೆ ಹೇರಿದರೆ ಅವರು ಅನುದಾನದ ಗೊಡವೆಗೇ ಬರಲಾರರು ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿದೆ. ಒಳ್ಳೆಯ ನಕ್ಷೆಯಿಲ್ಲದೆ ಒಳ್ಳೆಯ ಬೆಲೆಯಿಲ್ಲ. ಬೆಲೆಯಿಲ್ಲದೆ ಕೂಲಿಯೂ ಇಲ್ಲ. ತಲೆಗೂ ಕೈಗೂ ಜಗಳ ಹಚ್ಚುವುದು ನಮ್ಮ ಉದ್ದೇಶವಲ್ಲ. ಆದರೆ ನೂಲಿನ ಬೆಲೆ, ಬಣ್ಣದ ಬೆಲೆ, ಅಂಗಡಿಯ ಬಾಡಿಗೆ ಇವೆಲ್ಲ ಮೊದಲೇ ಲೆಕ್ಕದಲ್ಲಿ ಸೇರುವಾಗ, ಕೂಲಿಯೊಂದು ಮಾತ್ರ ಉಳಿದರೆ ಕೊಡುವ ಬಾಬಾಗಬಾರದು. ಸಾರ್ವಜನಿಕರ ಹಣವನ್ನಾಗಲಿ ಸಾರ್ವಜನಿಕರ ಹೊಗಳಿಕೆಯನ್ನಾಗಲಿ ಪಡೆಯುವವರು ಇಷ್ಟನ್ನು ಒಪ್ಪಲೇಬೇಕು.

ಆದುದರಿಂದ ಅನುದಾನ ಕೊಡುವ ಸರಕಾರ, ಕಂಪನಿ, ಸಂಸ್ಥೆಗಳೆಲ್ಲರ ಮುಂದೆ ನಾವು ನಾಲ್ಕು ಬೇಡಿಕೆಗಳನ್ನಿಡುತ್ತೇವೆ. ಒಂದನೆಯದು: ಅನುದಾನದ ಕರಾರಿನಲ್ಲಿಯೇ ಪೀಸಿನ ದರ ಬರೆದಿರಲಿ, ಎಂಟು ತಾಸು ದುಡಿದರೆ ಅದು ಕನಿಷ್ಠ ವೇತನಕ್ಕಿಂತ ಕಡಿಮೆಯಾಗದಿರಲಿ. ಎರಡನೆಯದು: ನೇಯ್ದವರ, ಹೊಲಿದವರ ಹೆಸರು, ಅವರು ಒಪ್ಪಿದರೆ, ಉಡುಪಿನ ಪಟ್ಟಿಯ ಮೇಲೆ ಬರಲಿ. ಮೂರನೆಯದು: ಮಹಿಳಾ ಗುಂಪುಗಳೂ ಕಾರ್ಮಿಕರ ಸಹಕಾರಿ ಸಂಘಗಳೂ ನೇರವಾಗಿ ಅರ್ಜಿ ಹಾಕುವಂತಾಗಲಿ, ಅರ್ಜಿ ಇಂಗ್ಲಿಷಿನಲ್ಲಿ ಮಾತ್ರವಿರದೆ ಜನರ ಭಾಷೆಯಲ್ಲಿರಲಿ. ನಾಲ್ಕನೆಯದು: ಹಣ ಕಂತಿನಲ್ಲಿ, ಹೇಳಿದ ದಿನಕ್ಕೆ ಬರಲಿ, ಕಡೆಯ ಕಂತು ಬಿಡುಗಡೆಯಾಗುವ ಮೊದಲು ಕೂಲಿ ಸಂದಾಯವಾದುದಕ್ಕೆ ಕೂಲಿಕಾರರ ಸಹಿ ಇರಲಿ.

ಬೇಡಿಕೆ ಸರಕಾರಕ್ಕಾದರೆ, ಕರ್ತವ್ಯ ನಮಗೂ ಇದೆ. ಕೇಂದ್ರ ಸರಕಾರ 2023ರ ಸಪ್ಟಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕೆಲಸವೂ ಸೇರಿದೆ. ತರಬೇತಿಯ ಕಾಲದಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಗಳಿಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ ಅದರಲ್ಲಿವೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಮನೆಯಲ್ಲಿ ಹೊಲಿಗೆ ಮಾಡುವ ತಾಯಂದಿರು ಈ ವಿಷಯದಲ್ಲಿ ಸಮೀಪದ ಜನಸೇವಾ ಕೇಂದ್ರದಲ್ಲಿ ವಿಚಾರಿಸಲಿ. ಕಂತ್ರಾಟುದಾರ ಕೊಟ್ಟ ಪ್ರತಿಯೊಂದು ಗಂಟನ್ನೂ ತಾರೀಖು, ಪೀಸು, ದರ ಸಹಿತ ಒಂದು ವಹಿಯಲ್ಲಿ ಬರೆದಿಡಲಿ. ಗಿರಣಿಯ ಮನೆಯ ಅರ್ಜಿಗೆ ಹಳೆಯ ಪಗಾರ ಚೀಟಿ ಸಿಗದೆ ಪರದಾಡಿದವರಿಗೆ ಬರಹದ ಬೆಲೆ ಏನೆಂದು ಹೇಳಿಕೊಡಬೇಕಾದುದಿಲ್ಲ.

ಹೋಟೆಲು ಮಾಲಿಕರಲ್ಲಿ ಒಂದು ವಿನಂತಿ. 2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧವಾದಾಗ ಪಾರ್ಸೆಲಿಗೆ ಚೀಲ ಹುಡುಕಿ ನೀವೆಲ್ಲರೂ ಬವಣೆಪಟ್ಟಿರಿ. ಪೇಟೆಯಲ್ಲಿ ಬಟ್ಟೆಯಂತೆ ಕಾಣುವ ಎಷ್ಟೋ ಚೀಲಗಳು ಪ್ಲಾಸ್ಟಿಕ್ಕೇ ಎಂಬುದೂ ಆಮೇಲೆ ತಿಳಿಯಿತು. ನಿಮ್ಮ ಹೋಟೆಲಿನ ಚೀಲ, ಮೇಜು ಒರೆಸುವ ಬಟ್ಟೆ, ಅಡಿಗೆಯವರ ಏಪ್ರನ್, ಮಾಣಿಗಳ ಸಮವಸ್ತ್ರ ಇವುಗಳಲ್ಲಿ ಒಂದಿಷ್ಟನ್ನಾದರೂ ಹೆಂಗಸರ ಗುಂಪುಗಳಿಂದ ಹೊಲಿಸಿಕೊಳ್ಳಿ. ನಿಯಮಿತವಾದ ಒಂದು ಆರ್ಡರು ಒಮ್ಮೆ ಬಂದು ಹೋಗುವ ಅನುದಾನಕ್ಕಿಂತ ಮೇಲು.

ನಮ್ಮ ಕನ್ನಡ ಸಂಘಗಳಿಗೂ ಒಂದು ಮಾತು. ವರ್ಷವಿಡೀ ಸನ್ಮಾನ ಸಮಾರಂಭಗಳಲ್ಲಿ ನಾವು ಹೊದಿಸುವ ಶಾಲುಗಳಿಗೆ ಲೆಕ್ಕವಿಲ್ಲ. ಮೈಗೆ ಹಿತವಲ್ಲದ, ತೊಳೆದರೆ ನಿಲ್ಲದ ಆ ಶಾಲು ಸನ್ಮಾನಿತರ ಕಪಾಟಿನಿಂದ ಇನ್ನೊಂದು ಸನ್ಮಾನಕ್ಕೆ ಹೋಗುವುದೂ ಉಂಟು. ಅದರ ಬದಲು ಕೈಮಗ್ಗದ ಒಂದು ಪಂಚೆಯನ್ನೋ ಶಲ್ಯವನ್ನೋ, ನೇಯ್ದವರ ಹೆಸರನ್ನು ವೇದಿಕೆಯಲ್ಲಿ ಓದಿ ಹೇಳಿ, ಹೊದಿಸಿದರೆ ಒಂದೇ ಬಟ್ಟೆಯಿಂದ ಇಬ್ಬರಿಗೆ ಸನ್ಮಾನವಾದೀತು.

ಕಾರ್ಮಿಕ ಬಂಧುಗಳೇ, ಈ ಶಹರಕ್ಕೆ ಬಟ್ಟೆ ಉಡಿಸಿದವರು ನೀವು, ಅನ್ನ ಬಡಿಸಿದವರೂ ನೀವೇ. ಹಳೆಯ ಸೀರೆಗೆ ಹೊಸ ಬಾಳು ಕೊಡುವ ಈ ಕಾರ್ಯ ನಡೆಯಲಿ, ಅದಕ್ಕೆ ಹಣವೂ ಬರಲಿ, ಡಿಸೈನರರಿಗೆ ಕೀರ್ತಿಯೂ ಬರಲಿ. ಆದರೆ ಕರಾರಿನ ಕಾಗದದ ಮೇಲೆ ಹೊಲಿದವಳ ಹೆಸರು, ಅದರ ಮುಂದೆ ಅವಳ ಕೂಲಿ, ಎರಡೂ ಇರಲಿ. ನಾವು ಕೇಳುವುದು ದಾನವಲ್ಲ. ಆ ಕಾಗದದಲ್ಲಿ ಎರಡು ಸಾಲು.